ಫೂಲಮಣಿಯ ಕೈ ಉಬ್ಬಲಿಲ್ಲ

ಆಯಿಷಾ, ರಿಹಾನ್, ಜೋಯಾ,

ನಿಮ್ಮ ನಾನಿ ಎಷ್ಟು ಕಡಿಮೆ ಮಾತಿನವಳು ಎಂಬುದು ನಿಮಗೆ ಗೊತ್ತು. ಮನೆಗೆ ಬೀಗರು ಬಂದರೆ ಚಹಾ ಕಳಿಸಿ ಅಡುಗೆಮನೆಯಲ್ಲೇ ನಿಂತುಬಿಡುತ್ತೇನೆ. ಇಂಥವಳು ಗುರುತಿಲ್ಲದವರ ಬಾಗಿಲು ತಟ್ಟಿ, ಅವರ ಕೈ ಹಿಡಿದು ಸೂಜಿ ಚುಚ್ಚುವ ಕೆಲಸವನ್ನು ಇಷ್ಟು ವರ್ಷ ಹೇಗೆ ಮಾಡಿದಳು ಎಂದು ರಿಹಾನ್ ಒಮ್ಮೆ ಕೇಳಿದ್ದ. ಆಗ ನಕ್ಕು ಸುಮ್ಮನಾಗಿದ್ದೆ. ಈಗ ಆಯಿಷಾ ನರ್ಸಿಂಗ್ ಸೇರಿದ್ದಾಳೆ. ಮೊನ್ನೆ ರಜೆಯಲ್ಲಿ ಬಂದವಳು ಪುಸ್ತಕ ತೆರೆದು, "ನೋಡ್ ನಾನಿ, ಮೈ ರೋಗದ ಜೋಡಿ ಹೆಂಗ ಹೊಡದಾಡತೈತಿ ಅನ್ನೂದು ಎರಡ ಪುಟದಾಗ ಮುಗೀತು" ಎಂದಳು. ಆ ಎರಡು ಪುಟಗಳಲ್ಲಿ ಚಿತ್ರಗಳಿದ್ದವು, ಬಾಣದ ಗುರುತುಗಳಿದ್ದವು. ಎಲ್ಲವೂ ಚೊಕ್ಕವಾಗಿತ್ತು. ನಾನು ನೋಡಿದ ಮೈಗಳು ಯಾವುವೂ ಹಾಗೆ ಚೊಕ್ಕವಾಗಿ ನಡೆದುಕೊಳ್ಳಲಿಲ್ಲ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಾಚಿಕೆಯಾಗಿ ನಿಲ್ಲಿಸುತ್ತೇನೆ ಎಂದು ಬರೆಯಲು ಕುಳಿತಿದ್ದೇನೆ.

ಹುಲಗೂರಿನ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಹತ್ತನೆಯ ತರಗತಿ ಮುಗಿಸಿ ನರ್ಸ್ ತರಬೇತಿಗೆ ಹೋದೆ. ನಿಮ್ಮ ಅಮ್ಮ ಎರಡು ವರ್ಷದವಳಿದ್ದಾಗ ನಿಮ್ಮ ನಾನಾ ತೀರಿಕೊಂಡರು. ನಂತರ ಹಿರೇಕೆರೂರು, ಸವಣೂರು, ಶಿಗ್ಗಾಂವಿ, ಕೊನೆಗೆ ಹಾನಗಲ್ಲ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಬಡ್ತಿ, ವರ್ಗಾವಣೆಯ ಮಾತು ಬೇಡ, ಅವು ಎಲ್ಲರಿಗೂ ಆಗುತ್ತವೆ. ಇಲ್ಲಿ ಬರುವ ರೋಗಿಗಳ ಹೆಸರುಗಳನ್ನು ಬದಲಿಸಿದ್ದೇನೆ.

ಮೊದಲು ಕ್ಷಯದ ಚರ್ಮ ಪರೀಕ್ಷೆಯ ಬಗ್ಗೆ ಹೇಳಬೇಕು. ಮುಂಗೈಯ ಒಳಭಾಗದಲ್ಲಿ, ಚರ್ಮದ ಪದರದೊಳಗೇ, ಒಂದು ಹನಿ ಮದ್ದು ಹಾಕುತ್ತೇವೆ. ಎರಡು ಮೂರು ದಿನ ಬಿಟ್ಟು ಆ ಜಾಗ ಎಷ್ಟು ಗಟ್ಟಿಯಾಗಿ ಉಬ್ಬಿದೆ ಎಂದು ಅಳೆಯುತ್ತೇವೆ. ಮೈಯೊಳಗೆ ಕ್ಷಯದ ಕ್ರಿಮಿ ಹೊಕ್ಕಿದ್ದರೆ ಮೈ ಅದನ್ನು ಗುರುತಿಟ್ಟುಕೊಂಡಿರುತ್ತದೆ. ಮದ್ದಿನ ಹನಿಯನ್ನು ಕಂಡು ರೇಗಿ ಅಲ್ಲಿ ಉಬ್ಬುತ್ತದೆ. ಹೇಳಲು ಇಷ್ಟೇ ಸುಲಭ.

ಹಿರೇಕೆರೂರಿನ ಕಡೆ ಮೊದಲ ನೇಮಕದಲ್ಲಿ ಒಬ್ಬ ಮಾಸ್ತರರ ಮಗಳ ಕೈ ನೋಡಿದೆ. ಕೆಂಪಗೆ ಅಗಲವಾಗಿ ಕಾಣುತ್ತಿತ್ತು. ಸ್ಕೇಲು ಇಟ್ಟು ಅಳೆದು, ತಾಯಿಗೆ "ಭಾಳ ಬಂದೈತ್ರಿ" ಎಂದುಬಿಟ್ಟೆ. ಎರಡು ದಿನದಲ್ಲಿ ಓಣಿಯವರು ಆ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ತಾಯಿ ಅಳುತ್ತ ಆಸ್ಪತ್ರೆಗೆ ಬಂದರು. ನಮ್ಮ ಮೇಲ್ವಿಚಾರಕಿ ಸರೋಜಾಬಾಯಿಯವರು ನನ್ನನ್ನು ಆ ಮನೆಗೇ ಕರೆದುಕೊಂಡು ಹೋಗಿ, ತಮ್ಮ ಅಂಗೈಯಿಂದ ನನ್ನ ಎರಡೂ ಕಣ್ಣು ಮುಚ್ಚಿದರು.

"ಈಗ ಹುಡುಗಿ ಕೈಮ್ಯಾಲ ಬೆರಳ ಆಡ್ಸು. ಏನರೆ ಗಟ್ಟಿ ಹತ್ತತೈತೇನು?"

"ಇಲ್ರಿ ಬಾಯಾರ."

"ಮತ್ತ ಏನ್ ಅಳದಿ? ಹುಡುಗಿ ಕೆರಕೊಂಡದ್ದನ್ನ ಅಳದೇನು, ನಿನ್ನ ಹೆದರಿಕಿ ಅಳದೇನು?"

ಓಣಿಯ ಹೆಂಗಸರೆಲ್ಲ ನಕ್ಕರು. ನನಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಆದರೆ ಅಂದಿನಿಂದ ನಾನು ಕೆಂಪನ್ನು ನೋಡುವುದನ್ನು ಬಿಟ್ಟೆ. ಬಾಲ್‌ಪೆನ್ನನ್ನು ಚರ್ಮದ ಮೇಲೆ ಎಳೆಯುತ್ತ ಹೋಗಿ, ಅದು ತಡೆದ ಕಡೆ ಗೆರೆ ನಿಲ್ಲಿಸಿ, ಎರಡೂ ಬದಿಯ ಗೆರೆಗಳ ನಡುವೆ ಅಳೆಯುವುದನ್ನು ಅವರೇ ಕಲಿಸಿದರು.

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ಇನ್ನೊಂದು ಪಾಠವಾಯಿತು. ಬಳೆ ಮಾರುವ ಹಜರತಸಾಬ ಎಂಬ ಮುದುಕರ ಹೆಂಡತಿಗೆ ಕ್ಷಯ ಬಂದಿತ್ತು. ಮುದುಕರ ಕೈಗೆ ಪರೀಕ್ಷೆಯ ಮದ್ದು ಹಾಕಿದರೆ ವಡೆಯಂತೆ ಉಬ್ಬಿತು. ಕಫ ನೋಡಿದೆವು, ಎದೆಯ ಫೋಟೋ ತೆಗೆಸಿದೆವು, ಏನೂ ಸಿಗಲಿಲ್ಲ. ಕ್ರಿಮಿ ಒಳಗೆ ಮಲಗಿದೆ, ಮೈ ಅದನ್ನು ಏಳದಂತೆ ಹಿಡಿದಿದೆ ಎಂದು ಅಲ್ಲಿಯ ವೈದ್ಯರು ಹೇಳಿದರು. ಆ ಮುದುಕರು ಆಮೇಲೆ ವರ್ಷವರ್ಷವೂ ಬಳೆಯ ಬುಟ್ಟಿ ಹೊತ್ತು ಆಸ್ಪತ್ರೆಯ ಮುಂದೆ ಬಂದು, "ಬಾಯಾರ, ವಡಿ ಉಬ್ಬಿದಾಂವ ಇನ್ನೂ ಅದೇನಿ ನೋಡ್ರಿ. ನಿಮ್ಮ ಡಾಕ್ಟರ್‌ಗೆ ಸಲಾಂ ಹೇಳ್ರಿ" ಎಂದು ಕೂಗಿ ಹೋಗುತ್ತಿದ್ದರು.

ಕೈ ಉಬ್ಬಿದರೆ ರೋಗ ಎಂದಲ್ಲ ಎನ್ನುವುದನ್ನು ಹೀಗೆ ಕಲಿತೆ. ಉಬ್ಬದಿದ್ದರೆ ಏನು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಕೆಲಸದ ರೀತಿ ಈ ನಡುವೆ ಬಹಳ ಬದಲಾಯಿತು. ಮೊದಲು ಕಫವನ್ನು ಗಾಜಿನ ಮೇಲೆ ಸವರಿ, ಬೆಂಕಿಗೆ ಹಿಡಿದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಿದ್ದರು. ಈಗ ಯಂತ್ರದೊಳಗೆ ಇಟ್ಟರೆ ಒಂದೆರಡು ಗಂಟೆಯಲ್ಲಿ ಕ್ರಿಮಿ ಇದೆಯೋ ಇಲ್ಲವೋ, ಅದು ಮದ್ದಿಗೆ ಬಗ್ಗುತ್ತದೋ ಇಲ್ಲವೋ ಎಂದು ಹೇಳುತ್ತದೆ. ಮೊದಲು ತಿಂಗಳುಗಟ್ಟಲೆ ಸೊಂಟಕ್ಕೆ ಸೂಜಿ ಚುಚ್ಚುತ್ತಿದ್ದೆವು, ರೋಗಿಗಳು ನನ್ನನ್ನು ಕಂಡರೆ ಹಿತ್ತಲ ಕಡೆಗೆ ಓಡುತ್ತಿದ್ದರು. ಈಗ ದಿನಾ ನುಂಗುವ ಮಾತ್ರೆ. ಕಾರ್ಡಿನಲ್ಲಿ ದಿನಕ್ಕೊಂದು ಚೌಕದ ಮನೆ, ಮಾತ್ರೆ ನುಂಗಿಸಿ ಅದರಲ್ಲಿ ಗುರುತು ಹಾಕುವುದು ನಮ್ಮ ಕೆಲಸ. ಈ ಕಾರ್ಡಿನ ಮಾತು ಮುಂದೆ ಬರುತ್ತದೆ.

ಶಿಗ್ಗಾಂವಿಯ ತಡಸದಲ್ಲಿದ್ದಾಗ ಹೆದ್ದಾರಿ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿಗೆ ಹೋಗಲು ಶುರುಮಾಡಿದೆ. ಒಡಿಶಾ, ಬಿಹಾರ, ಜಾರ್ಖಂಡದವರು. ನಮ್ಮವರೇ ಕೆಲವರು "ಇವ್ರ ರೋಗ ತರ್ತಾರ" ಎನ್ನುತ್ತಿದ್ದರು. ಒಂದೊಂದು ಶೆಡ್ಡಿನಲ್ಲಿ ಹನ್ನೆರಡು ಜನ, ಗಾಳಿಗೆ ಕಿಟಕಿಯಿಲ್ಲ. ತಂದದ್ದು ಎಷ್ಟು, ಇಲ್ಲಿ ನಾವು ಕೊಟ್ಟದ್ದು ಎಷ್ಟು ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಇನ್ನು ಹಾನಗಲ್ಲ. ನನ್ನ ಕೊನೆಯ ಜಾಗ. ಊರ ಹೊರಗೆ ಒಂದು ದೊಡ್ಡ ಇಟ್ಟಂಗಿ ಭಟ್ಟಿ. ದಸರೆ ಮುಗಿಯುತ್ತಲೇ ಜಾರ್ಖಂಡದಿಂದ ಕೂಲಿಯವರು ಬಂದು, ಮಳೆ ಬೀಳುವ ಮುಂಚೆ ಹೊರಟುಹೋಗುತ್ತಿದ್ದರು. ಆ ವರ್ಷ ಬಂದವರಲ್ಲಿ ಸೋಮ್ರಾ ಮತ್ತು ಅವನ ಹೆಂಡತಿ ಫೂಲಮಣಿ ಇದ್ದರು. ಬಂದ ತಿಂಗಳಲ್ಲೇ ಸೋಮ್ರಾನ ಕಫದಲ್ಲಿ ಕ್ಷಯ ಸಿಕ್ಕಿತು. ಅವನಿಗೆ ಮಾತ್ರೆ ಶುರುವಾಯಿತು, ಅವನ ಸುತ್ತ ಮಲಗುವವರಿಗೆಲ್ಲ ಚರ್ಮ ಪರೀಕ್ಷೆ ಮಾಡಲು ನಾನು ಹೋದೆ.

ನನ್ನ ಮನೆಮಾತು ಉರ್ದು. ಅವರದು ಅವರ ಕಾಡಿನ ಭಾಷೆ. ನಡುವೆ ಹಿಂದಿ ಎಂಬಂಥದ್ದನ್ನು ಇಬ್ಬರೂ ಆಡುತ್ತಿದ್ದೆವು. ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ.

ಫೂಲಮಣಿಗೆ ಇಪ್ಪತ್ತೈದು ಇರಬಹುದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ, ಸಾಲು ಸಾಲು ಚುಕ್ಕೆ. ಸೂಜಿಗೆ ಖಾಲಿ ಜಾಗ ಹುಡುಕಬೇಕಾಯಿತು. ಮೂರನೆಯ ದಿನ ಹೋಗಿ ಪೆನ್ನು ಎಳೆದೆ. ಎಲ್ಲೂ ತಡೆಯಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದೆ, ನುಣ್ಣಗಿತ್ತು. ಅವಳ ಪಕ್ಕದವರ ಕೈಗಳು ಒಂದೊಂದೂ ಉಬ್ಬಿದ್ದವು. ಅವಳೊಬ್ಬಳದೇ ಹಾಳೆಯಂತೆ ಸಪಾಟು.

"ನಿನಗೇನಿಲ್ಲ" ಎಂದೆ. "ನಿನ್ನ ಕೈ ಎಲ್ಲಾರ್ಕಿಂತ ಛಲೋ ಐತಿ."

ಅವಳು ಕೆಮ್ಮಿದಳು. ಇಟ್ಟಂಗಿಯ ಧೂಳಿನಲ್ಲಿ ಅಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಅವಳು ತೆಳ್ಳಗಿದ್ದಳು, ಅಲ್ಲಿ ಎಲ್ಲರೂ ತೆಳ್ಳಗಿದ್ದರು. ಕೆಮ್ಮಿದವಳ ಕಫವನ್ನು ಒಂದು ಡಬ್ಬಿಯಲ್ಲಿ ತೆಗೆದುಕೊಂಡು ಬರಬೇಕಿತ್ತು. ಡಬ್ಬಿ ನನ್ನ ಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ. ಆಯಿಷಾ, ಇದೇ ನನ್ನ ಮೊದಲ ತಪ್ಪು.

ಸಂಕ್ರಾಂತಿ ಕಳೆದ ಮೇಲೆ ಭಟ್ಟಿಯ ಮೇಸ್ತ್ರಿ ಬಸಣ್ಣ ಫೋನ್ ಮಾಡಿದ. "ಸಿಸ್ಟರ್, ಆ ಹಚ್ಚಿ ಹೆಂಗಸು ಇಟ್ಟಂಗಿ ಹೊತ್ಕೊಂಡು ನಿಂತಲ್ಲೇ ಕುಸೀತು. ನೀವು ನೋಡಿ ಏನಿಲ್ಲಂದಿದ್ರಿ?" ಎಂದ. ಹೋಗಿ ನೋಡಿದರೆ ಸಂಜೆ ಸಂಜೆ ಜ್ವರ, ಕುತ್ತಿಗೆಯ ಬದಿಯಲ್ಲಿ ಗಂಟುಗಳು, ರೆಪ್ಪೆಯ ಒಳಗೆ ಸುಣ್ಣದಂತೆ ಬಿಳಿ. ಅವಳನ್ನು ನಮ್ಮ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ವಯಸ್ಸಿನಲ್ಲಿ ನನ್ನ ಮಗನಂಥವರು, ಸಿಟ್ಟೂ ಬೇಗ, ನಗೆಯೂ ಬೇಗ. ಗಂಟಿನಿಂದ ಸೂಜಿಯಲ್ಲಿ ತೆಗೆದ ದ್ರವವನ್ನು ಯಂತ್ರಕ್ಕೆ ಕಳಿಸಿದರು. ರಕ್ತ, ಮಲ ಎಲ್ಲದರ ಪರೀಕ್ಷೆ ಬರೆದರು.

ವರದಿಗಳು ಒಂದೊಂದಾಗಿ ಬಂದವು. ಗಂಟಿನಲ್ಲಿ ಕ್ಷಯ, ಆದರೆ ದ್ರವ ಸಾಲದೆ ಅದು ಮದ್ದಿಗೆ ಬಗ್ಗುತ್ತದೋ ಇಲ್ಲವೋ ಎಂದು ಯಂತ್ರ ಹೇಳಲಿಲ್ಲ. ಮಲದಲ್ಲಿ ಕೊಕ್ಕೆಹುಳದ ಮೊಟ್ಟೆ. ರಕ್ತದಲ್ಲಿ ಹೆಪಟೈಟಿಸ್ ಬಿ, ಅಂದರೆ ಪಿತ್ತಜನಕಾಂಗದೊಳಗೆ ಸದ್ದಿಲ್ಲದೆ ಕೂತಿರುವ ಸೋಂಕು, ಅದು ಎಷ್ಟು ವರ್ಷದಿಂದ ಇತ್ತೋ. ಎಚ್‌ಐವಿ ಇರಬಹುದೆಂದು ನಾವೆಲ್ಲ ಒಳಗೊಳಗೇ ಅಂದುಕೊಂಡಿದ್ದೆವು, ಅದು ಇರಲಿಲ್ಲ. ಮೂರು ಬೇರೆ ಬೇರೆ ಬೇನೆಗಳು ಒಂದೇ ಮೈಯಲ್ಲಿ ಬಾಡಿಗೆಗೆ ಇದ್ದಂತಿತ್ತು.

"ಸರ್, ಅಕಿ ಕೈ ಉಬ್ಬಿರಲಿಲ್ರಿ" ಎಂದೆ.

"ಉಬ್ಬೂದಿಲ್ಲ ಸಿಸ್ಟರ್. ಕೈ ಉಬ್ಬಸ್ಬೇಕಂದ್ರ ಮೈಯಾಗ ತ್ರಾಣ ಬೇಕಲ್ಲ. ಹೊಟ್ಟಿಗಿಲ್ಲದ ಮೈ ಉಬ್ಬಸೂದಿಲ್ಲ. ಕ್ಷಯ ಭಾಳ ಹಬ್ಬಿದ್ರೂ ಉಬ್ಬಸೂದಿಲ್ಲ. ಇನ್ನ ಹುಳಾ ಇದ್ರ ಮೈ ಹುಳದ ಕಡೆ ತಿರುಗಿ ಕುಂತಿರ್ತೈತಿ, ಕ್ಷಯದ ಕಡೆ ತಿರುಗಾಕ ಆಗೂದಿಲ್ಲ ಅಂತಾರ."

"ಇಕಿದು ಯಾವ್ದ್ರಿ?"

"ಮೂರೂ ಕಾರಣ ಇರಬಹುದು."

ನಾನು ಸುಮ್ಮನಿರಬೇಕಿತ್ತು, ಆದರೆ ಕೇಳಿಬಿಟ್ಟೆ. "ಆದ್ರ ಸರ್, ಅಕಿ ಬಾಜೂ ಮಲಗೋ ಹೆಂಗಸಿಗೂ ಹುಳಾ ಐತ್ರಿ, ಅಕಿನೂ ಇಷ್ಟ ತೆಳ್ಳಗದಾಳ. ಅಕಿ ಕೈ ಯಾಕ ಉಬ್ಬಿತ್ರಿ?"

ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. "ಸಿಸ್ಟರ್, ಹಿಂಗೆಲ್ಲಾ ಕೇಳಬ್ಯಾಡ್ರಿ. ನನಗ ಪರೀಕ್ಷಾ ನೆನಪಾಗಿ ಬೆವರ ಬರ್ತಾವ" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ನನಗೂ ಗೊತ್ತಿಲ್ರಿ" ಎಂದರು. ಅವರ ಬಾಯಿಂದ ಆ ಮಾತು ಬಂದಾಗ ನನಗೆ ಸಮಾಧಾನವಾಗಬೇಕಿತ್ತು. ಹೆದರಿಕೆಯಾಯಿತು. ಅವರಿಗೇ ಗೊತ್ತಿಲ್ಲದಿದ್ದರೆ ಹುಲಗೂರಿನ ಶಾಲೆಯವಳು ನಾನು ಏನು ತಿಳಿದುಕೊಳ್ಳಲಿ?

ಚಿಕಿತ್ಸೆ ಶುರುವಾಯಿತು. ಕ್ಷಯಕ್ಕೆ ಮಾತ್ರೆ, ಹುಳಕ್ಕೆ ಮಾತ್ರೆ, ರಕ್ತಕ್ಕೆ ಕಬ್ಬಿಣದ ಮಾತ್ರೆ. ವೈದ್ಯರು ನನಗೆ ಬೆರಳು ತೋರಿಸಿ ಒಂದು ಮಾತು ಹೇಳಿದರು: "ಇಕಿ ಲಿವರ್ ಮೊದಲ ಕೆಟ್ಟೈತಿ. ಕಣ್ಣು ಹಳದಿ ಆದ್ರ, ವಾಂತಿ ಆದ್ರ, ಕ್ಷಯದ ಮಾತ್ರಿ ಅಲ್ಲಿಗೇ ನಿಲ್ಲಸ್ರಿ, ನನಗ ಫೋನ್ ಮಾಡ್ರಿ." ನಾನು ಆ ಮಾತನ್ನು ಬಾಯಿಪಾಠದ ಕಲಮೆಯಂತೆ ನೆನಪಿಟ್ಟುಕೊಂಡೆ. ದಿನಾ ಅವಳ ಕಣ್ಣಿನ ಬಿಳಿಯನ್ನು ಬಿಸಿಲಿಗೆ ತಿರುಗಿಸಿ ನೋಡುತ್ತಿದ್ದೆ.

ಒಂದು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಜ್ವರ ಬಿಟ್ಟಿತು. ಹಸಿವು ಬಂತು. ತೂಕ ಏರಿತು. ಸೋಮ್ರಾ, "ಈಗ ನನ್ನ ಪಾಲಿನ ರೊಟ್ಟೀನೂ ಇಕೀನ ತಿಂತಾಳ" ಎಂದು ಗೊಣಗುತ್ತಿದ್ದ. ಇನ್ನೇನು ಗೆದ್ದೆವು ಎನ್ನುವಾಗ ಅವಳ ಕುತ್ತಿಗೆಯ ಗಂಟುಗಳು ಊದತೊಡಗಿದವು. ಹುಣಸೆಬೀಜದಷ್ಟು ಇದ್ದವು ನಿಂಬೆಹಣ್ಣಿನಷ್ಟಾದವು. ಹಿಂದೆ ಇಲ್ಲದ ಕಡೆ ಹೊಸ ಗಂಟು ಬಂತು. ಕತ್ತು ಹೊರಳಿಸಲು ಆಗುತ್ತಿರಲಿಲ್ಲ.

ಭಟ್ಟಿಯವರೆಲ್ಲ ಸುತ್ತ ನಿಂತಿದ್ದರು. ಸೋಮ್ರಾ ಕೇಳಿದ: "ಮದ್ದು ಇಲ್ಲದಾಗ ಇಷ್ಟ ಇತ್ತು. ಮದ್ದು ತಿಂದ ಮ್ಯಾಲ ಇಷ್ಟಾತು. ಹೇಳು ದೀದಿ, ಇದು ಮದ್ದೋ, ರೋಗದ ಗೊಬ್ಬರಾನೋ?"

ನಾನು ಫೂಲಮಣಿಯ ರೆಪ್ಪೆ ಎಳೆದು ನೋಡಿದೆ. ಅವಳ ಕಣ್ಣು ಹಳದಿಯಾಗಿರಲಿಲ್ಲ, ವಾಂತಿ ಇರಲಿಲ್ಲ. ಆದರೆ ಏನೋ ಕೆಡುತ್ತಿದೆ, ಕೆಟ್ಟರೆ ನಿಲ್ಲಿಸಬೇಕು ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ವೈದ್ಯರು ನಾಲ್ಕು ದಿನ ತರಬೇತಿಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಫೋನ್ ಮಾಡಬಹುದಿತ್ತು. ಸಭೆಯಲ್ಲಿ ದೊಡ್ಡವರ ನಡುವೆ ಕೂತಿರುತ್ತಾರೆ, ಹೇಗೆ ಮಾತಾಡಲಿ ಎಂದು ನಾಚಿದೆ. ಎರಡು ಸಲ ಅವರ ಹೆಸರು ತೆಗೆದು, ಒತ್ತದೆ ಬಿಟ್ಟೆ.

"ಡಾಕ್ಟರ್ ಬರೂಮಟ ಮಾತ್ರಿ ಬಿಡು" ಎಂದೆ ಫೂಲಮಣಿಗೆ.

ಹೀಗೆ ನಾಲ್ಕು ದಿನ ಅವಳು ಮಾತ್ರೆ ನುಂಗಲಿಲ್ಲ. ಕಾರ್ಡಿನಲ್ಲಿ ಆ ನಾಲ್ಕು ಮನೆಗಳನ್ನು ಖಾಲಿ ಬಿಟ್ಟರೆ ಪರಿಶೀಲನೆಗೆ ಬಂದವರು ಯಾಕೆಂದು ಕೇಳುತ್ತಾರೆ. ಕೇಳಿದರೆ ನಾನು ಮಾತಾಡಬೇಕು. ನಾಲ್ಕರಲ್ಲೂ ಗುರುತು ಹಾಕಿದೆ. ಬೇರೆ ದಿನಗಳಲ್ಲಿ ಹಾಕಿದಂತೆಯೇ ಹಾಕಿದೆ.

ಮೂರನೆಯ ದಿನ ಜ್ವರ ಮರಳಿತು. ಐದನೆಯ ದಿನ ಬೆಳಿಗ್ಗೆ ದೊಡ್ಡ ಗಂಟು ತಾನಾಗಿ ಒಡೆದು ಸೀರೆಯ ಸೆರಗು ನೆನೆಯಿತು. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಂದೆ. ವೈದ್ಯರು ಹುಬ್ಬಳ್ಳಿಯಿಂದ ಬಂದಿದ್ದರು. ಗಾಯ ತೊಳೆದು ಪಟ್ಟಿ ಕಟ್ಟಿ, ಕಾರ್ಡು ತಿರುಗಿಸಿ ನೋಡಿದರು.

"ಒಂದ ದಿನಾನೂ ತಪ್ಪಿಲ್ಲ" ಎಂದರು. "ತಪ್ಪಿಲ್ಲ, ಆದರೂ ಗಂಟು ಬೆಳದೈತಿ, ಜ್ವರಾನೂ ಬಂದೈತಿ. ಬರೇ ಗಂಟು ಊದಿದ್ರ ಮೈ ಚೇತರಿಸ್ಕೊಂಡು ಈಗ ಹೊಡದಾಡಾಕತ್ತೈತಿ ಅಂತಿದ್ದೆ. ಹಂಗೂ ಆಗ್ತೈತಿ. ಆದರ ಜ್ವರ? ಮಾತ್ರಿಗೆ ಬಗ್ಗದ ಕ್ಷಯಾನ ಇರಬೇಕು."

ಅವರು ಪತ್ರ ಬರೆಯತೊಡಗಿದರು. ಹುಬ್ಬಳ್ಳಿಯಲ್ಲಿ ಸೇರಿಸಬೇಕು, ಬಿರುಸಾದ ಬೇರೆ ಮಾತ್ರೆಗಳು, ಹೆಚ್ಚು ತಿಂಗಳು. ಅವಳ ಲಿವರ್ ಅದನ್ನು ತಡೆಯುತ್ತದೋ ಇಲ್ಲವೋ ಎಂದು ಅವರಿಗೇ ಅನುಮಾನ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಬಸಣ್ಣ, "ಹುಬ್ಬಳ್ಳಿ ಗಿಬ್ಬಳ್ಳಿ ಬ್ಯಾಡ್ರಿ ಸಾಹೇಬ್ರ, ನಾಳೆ ರೈಲಿಗೆ ಊರಿಗೆ ಹಚ್ಚಿಬಿಡ್ತೇನಿ" ಎಂದ. ಅಂದರೆ ಮಾತ್ರೆಯೇ ಇಲ್ಲದೆ ಎರಡು ದಿನದ ರೈಲು, ಆಮೇಲೆ ಕಾಡಿನ ಹಳ್ಳಿ. ರೈಲು ಎಂಬ ಮಾತೊಂದು ತಿಳಿದು ಸೋಮ್ರಾ ಒಪ್ಪಿ ತಲೆಯಾಡಿಸಿದ. ಫೂಲಮಣಿ ಬೆಂಚಿನ ಮೇಲೆ ಕತ್ತು ಓರೆ ಮಾಡಿಕೊಂಡು ಕುಳಿತು ನನ್ನನ್ನೇ ನೋಡುತ್ತಿದ್ದಳು. ನಾವು ಆಡುತ್ತಿದ್ದ ಕನ್ನಡ ಅವಳಿಗೆ ತಿಳಿಯುತ್ತಿರಲಿಲ್ಲ. ಆ ನಾಲ್ಕು ದಿನದ ವಿಷಯ ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳಿಗೆ, ಅವಳ ಗಂಡನಿಗೆ ಮತ್ತು ನನಗೆ. ಅವರಿಬ್ಬರಿಗೆ ಭಾಷೆ ಇರಲಿಲ್ಲ. ನನಗಿತ್ತು.

ನಾನು ಹೊರಗೆ ಹೋದೆ. ನಲ್ಲಿಯಲ್ಲಿ ಕೈ ತೊಳೆದೆ. ಮತ್ತೆ ಒಳಗೆ ಬಂದೆ.

"ಸರ್, ಕಾರ್ಡು ಸುಳ್ಳೈತ್ರಿ."

"ಏನು?"

"ನಾಲ್ಕು ದಿನ ಮಾತ್ರಿ ತಿಂದಿಲ್ರಿ ಅಕಿ. ನಾನ ಬಿಡಸಿದ್ದೆ. ಗುರುತೂ ನಾನ ಹಾಕೀನ್ರಿ. ಬಿಟ್ಟ ಮ್ಯಾಲ ಜ್ವರ ಬಂದದ್ರಿ, ಮೊದಲ ಬಂದದ್ದಲ್ರಿ."

ಅವರು ಪೆನ್ನು ಕೆಳಗಿಟ್ಟರು. ಬಯ್ಯುತ್ತಾರೆ ಎಂದು ಕಾದೆ. ಮೇಸ್ತ್ರಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

"ಯಾಕ ಬಿಡಿಸಿದ್ರಿ?"

"ಗಂಟು ಬೆಳೀತ್ರಿ. ನನಗ ತಿಳೀಲಿಲ್ಲ."

"ತಿಳೀಲಿಲ್ಲಂದ್ರ ತಿಳೀಲಿಲ್ಲಂತ ಫೋನ್ ಹಚ್ಚಬೇಕಿತ್ತಲ್ರೀ!" ಈಗ ಅವರ ದನಿ ಏರಿತು. "ನಾ ಏನ್ ಹುಲೀನ? ಈ ಪತ್ರ ಹೋಗಿದ್ರ ಏನಾಗ್ತಿತ್ತು ಗೊತ್ತೈತೇನು ನಿಮಗ? ಇಷ್ಟ ವರ್ಷ ಸರ್ವಿಸ್ ಮಾಡೀರಿ!"

ಅವರು ಪತ್ರವನ್ನು ಹರಿದರು. ಕಾರ್ಡನ್ನು ನನ್ನ ಮುಂದೆ ಸರಿಸಿ, "ನಾಲ್ಕೂ ಮನಿ ಹೊಡದು ಹಾಕ್ರಿ. ಬಾಜೂಕ ನಿಮ್ಮ ಸಹಿ ಮಾಡ್ರಿ" ಎಂದರು. ಮಾಡಿದೆ. ಗಂಟಿನ ದ್ರವವನ್ನು ಮತ್ತೊಮ್ಮೆ ಯಂತ್ರಕ್ಕೆ ಕಳಿಸಿದರು. ಅದೇ ಹಳೆಯ ಮಾತ್ರೆಗಳನ್ನು ಅವತ್ತೇ ಮತ್ತೆ ಶುರು ಮಾಡಿದರು. ಊತ ಇಳಿಸುವ ಮಾತ್ರೆಯೊಂದಿತ್ತು, ಅದನ್ನು ಕೊಡಲು ಹೆದರಿದರು. ಅದು ಮೈಯ ಸಿಟ್ಟನ್ನು ಇಳಿಸುತ್ತದೆ, ಆಗ ಲಿವರಿನ ಸೋಂಕು ಏಳಬಹುದು, ಹುಳ ಉಳಿದಿದ್ದರೆ ಅದೂ ಹೆಚ್ಚಬಹುದು ಎಂದರು. ಒಂದನ್ನು ತಣಿಸಿದರೆ ಇನ್ನೊಂದು ಕೆರಳುವ ಮೈ. ಸೂಜಿಯಲ್ಲಿ ಕೀವು ತೆಗೆಯುವುದು, ಕಾಯುವುದು, ಇಷ್ಟೇ ಉಳಿದ ದಾರಿ.

ಆದರೆ ಫೂಲಮಣಿ ಮಾತ್ರೆ ಮುಟ್ಟಲು ಒಪ್ಪಲಿಲ್ಲ. ಆಸ್ಪತ್ರೆಯ ಮುಂದಿನ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಅಂಗೈ ಮುಚ್ಚಿಕೊಂಡಳು.

"ಮೊದಲ ಏನಿಲ್ಲಂದಿ. ಆಮ್ಯಾಲ ತಿನ್ನು ಅಂದಿ, ತಿಂದೆ. ಬಿಡು ಅಂದಿ, ಬಿಟ್ಟೆ. ಈಗ ಮತ್ತ ತಿನ್ನು ಅಂತಿ. ನಿನ್ನ ಮಾತಿಗೆ ತಳಾ ಐತೇನು ದೀದಿ?"

"ಇಲ್ಲ" ಎಂದೆ. ಬೇರೆ ಏನು ಹೇಳಲಿ? "ಏನಿಲ್ಲ ಅಂದದ್ದು ತಪ್ಪು. ಬಿಡು ಅಂದದ್ದೂ ತಪ್ಪು. ಎರಡೂ ನಂದ. ಡಾಕ್ಟರ್‌ಗೆ ಹೇಳಿ ಬಂದೇನಿ."

ಸೋಮ್ರಾ ಎದ್ದು ನಿಂತ. "ಹಿಂಗ ಹೇಳಾಕ ನಾಚಿಕಿ ಆಗೂದಿಲ್ಲ ನಿನಗ?"

"ಆಗ್ತೈತಿ" ಎಂದೆ.

ಫೂಲಮಣಿ ಗಂಡನ ಧೋತರದ ಚುಂಗು ಹಿಡಿದು ಕೂರಿಸಿದಳು. ಕುತ್ತಿಗೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ಕೊನೆಗೆ, "ಗಂಟು ಇಳೀತೈತೇನು?" ಎಂದಳು.

"ಇಳೀಬಹುದು. ನನಗ ಖಾತ್ರಿ ಗೊತ್ತಿಲ್ಲ."

"ಹಂಗಾರ ದಿನಾ ನೀನ ಬಾ. ಬ್ಯಾರೆಯವರ ಕೈಯಾಗ ಕಳಸಬ್ಯಾಡ. ನೀ ಬಂದು ಎದುರಿಗೆ ಕುಂತ ದಿನಾ ತಿಂತೇನಿ. ಬರದ ದಿನಾ ಇಲ್ಲ. ಬೆಳದ್ರ ನಿನ್ನ ಕಣ್ಣ ಮುಂದ ಬೆಳೀಲಿ."

ಅವಳು ಅಂಗೈ ಬಿಚ್ಚಿದಳು.

ಹಾಗೆ ನಾನು ದಿನಾ ಬೆಳಿಗ್ಗೆ ಭಟ್ಟಿಗೆ ಹೋದೆ. ಯಂತ್ರ ಇದ್ದದ್ದು ಜಿಲ್ಲಾ ಆಸ್ಪತ್ರೆಯಲ್ಲಿ, ಅಲ್ಲಿಂದ ಎಂಟು ದಿನದ ಮೇಲೆ ವರದಿ ಬಂತು, ಕ್ರಿಮಿ ಹಳೆಯ ಮಾತ್ರೆಗೇ ಬಗ್ಗುವಂಥದ್ದು. ಜ್ವರ ಹೋಯಿತು. ಗಂಟುಗಳು ಹೋಗಲಿಲ್ಲ. ಒಂದು ಇಳಿದರೆ ಇನ್ನೊಂದು ಊದುತ್ತಿತ್ತು. ಅವಳ ತೂಕ ಮಾತ್ರ ಏರುತ್ತಿತ್ತು. ಕುತ್ತಿಗೆ ಕೆಡುತ್ತಿದೆ, ಮೈ ತುಂಬುತ್ತಿದೆ, ಯಾವುದನ್ನು ನಂಬಬೇಕೆಂದು ತಿಳಿಯದೆ ದಿನಾ ಎರಡನ್ನೂ ಬರೆದುಕೊಂಡು ಬಂದು ವೈದ್ಯರಿಗೆ ಹೇಳುತ್ತಿದ್ದೆ. ಈಗ ಫೋನನ್ನೂ ಹಚ್ಚುತ್ತಿದ್ದೆ. ಒಂದು ದಿನ ಅವರು, "ಸಿಸ್ಟರ್, ಮೊದಲ ಮಾತಾಡ್ತಿರಲಿಲ್ಲ, ಈಗ ಸ್ನಾನಕ್ಕೂ ಬಿಡವಲ್ರಿ ನೀವು" ಎಂದು ನಕ್ಕರು.

ಅಷ್ಟರಲ್ಲಿ ರಮಜಾನ್ ಬಂತು. ರೋಜಾ ಇಟ್ಟುಕೊಂಡೇ ಹೋಗುತ್ತಿದ್ದೆ, ಅವಳಿಗೆಂದು ಬೇಯಿಸಿದ ಮೊಟ್ಟೆ ಒಯ್ಯುತ್ತಿದ್ದೆ. ನಾನು ನೀರನ್ನೂ ಮುಟ್ಟದ್ದನ್ನು ಕಂಡು ಅವಳಿಗೆ ಅನುಮಾನ.

"ನನಗ ತಿನ್ನು ತಿನ್ನು ಅಂತಿ, ನೀ ಯಾಕ ಏನೂ ತಿನ್ನೂದಿಲ್ಲ? ನಿನಗೂ ಹುಳಾ ಅದಾವೇನು?"

ಶೆಡ್ಡಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಈದ್ ದಿನ ರಜೆ ಇತ್ತು, ಆದರೂ ಹೊಸ ಸೀರೆಯಲ್ಲೇ ಹೋಗಿ ಮಾತ್ರೆ ನುಂಗಿಸಿ ಬಂದೆ. ಅವತ್ತು ನಿಮ್ಮ ಅಮ್ಮ ಬಿಸಿ ಹಾಲಿನ ಶೀರಖುರ್ಮಾ ಆರಿಹೋಯಿತೆಂದು ನನ್ನ ಮೇಲೆ ಸಿಟ್ಟು ಮಾಡಿದ್ದಳು. ಕಾರಣ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಬೇಸಿಗೆ ಏರುವ ಹೊತ್ತಿಗೆ ಕೀವು ನಿಂತಿತು. ಗಂಟುಗಳು ಒಂದೊಂದಾಗಿ ಒಣಗಿ ಕಲೆಯ ಸಾಲಾದವು. ಯಾಕೆ ಊದಿದವು, ಯಾಕೆ ಇಳಿದವು? ಮಾತ್ರೆ ಕ್ರಿಮಿಯನ್ನು ಕೊಂದಿತು, ಹುಳ ಹೋಯಿತು, ಹೊಟ್ಟೆಗೆ ಅನ್ನ ಬಿತ್ತು, ಮಲಗಿದ್ದ ಮೈ ಎದ್ದು ಸತ್ತ ಕ್ರಿಮಿಯ ಮೇಲೂ ಹರಿಹಾಯಿತು ಎಂದು ವೈದ್ಯರು ಹೇಳಿದರು. ಹಾಗಾದರೆ ರೋಗ ಹೆಚ್ಚಾದಂತೆ ಕಂಡದ್ದು ಗುಣವೇ? ಕೈ ಸಪಾಟಾಗಿ ಚೆನ್ನಾಗಿ ಕಂಡದ್ದು ರೋಗವೇ? ನಾನು ಒಪ್ಪಿದೆ, ಆದರೆ ಇವತ್ತಿಗೂ ಅದು ನನ್ನ ತಲೆಯಲ್ಲಿ ನೇರವಾಗಿ ಕೂರುವುದಿಲ್ಲ.

ಮಳೆಗೆ ಮುಂಚೆ ಅವರು ಊರಿಗೆ ಹೊರಟರು. ಉಳಿದ ಮಾತ್ರೆ ಅಲ್ಲಿಯ ಆಸ್ಪತ್ರೆಯಲ್ಲಿ ಸಿಗುವಂತೆ ವೈದ್ಯರು ಕಾಗದ ಮಾಡಿಕೊಟ್ಟರು. ಎರಡು ಸಲ ಫೋನ್ ಸಿಕ್ಕಿತು, ಆಮೇಲೆ ಸಿಗಲಿಲ್ಲ. ಅವಳು ಮಾತ್ರೆ ಮುಗಿಸಿದಳೋ, ಅರ್ಧಕ್ಕೆ ಬಿಟ್ಟಳೋ ಎಂದು ಮಳೆಗಾಲವೆಲ್ಲ ಯೋಚಿಸಿದೆ. ನಾನು ಎದುರಿಗೆ ಕುಳಿತರೆ ಮಾತ್ರ ತಿನ್ನುತ್ತೇನೆ ಎಂದವಳು ಅವಳು.

ದಸರೆ ಕಳೆದು, ನನ್ನ ನಿವೃತ್ತಿಗೆ ಇನ್ನು ಕೆಲವೇ ವಾರ ಇದ್ದಾಗ, ಒಂದು ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಗಲಾಟೆ ಕೇಳಿತು. ಫೂಲಮಣಿ. ಮೈ ತುಂಬಿಕೊಂಡಿದ್ದಳು, ಸರತಿಯಲ್ಲಿದ್ದವರನ್ನು ಸರಿಸುತ್ತ ಬಂದಳು. ಅವಳ ಹಿಂದೆ ಅವಳ ಊರಿನ ಹೊಸ ಹುಡುಗಿಯೊಬ್ಬಳು, ಎಲುಬು ಕಾಣುವಷ್ಟು ತೆಳು, ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮುತ್ತಿದ್ದಳು.

"ಎಲ್ಲಾ ಮುಗಿಸೇನಿ" ಎಂದು ಫೂಲಮಣಿ ಅಲ್ಲಿಯ ಆಸ್ಪತ್ರೆಯ ಕಾಗದವನ್ನು ನನ್ನ ಮುಂದೆ ಹಿಡಿದಳು. "ಅಲ್ಲಿ ನೀ ಇರಲಿಲ್ಲ. ಅತ್ತೀನ ಎದುರಿಗೆ ಕುಂದ್ರಿಸಿಕೊಂಡು ತಿಂದೆ."

ನಾನು ಕಾಗದ ತೆಗೆದುಕೊಂಡು ಓದತೊಡಗಿದೆ. ಅವಳು ಕಾಯಲೂ ಇಲ್ಲ. ಹುಡುಗಿಯ ತೋಳು ಹಿಡಿದು ನನ್ನ ಮೇಜಿನ ಮುಂದೆ ಕೂರಿಸಿದಳು.

"ಇಕೀಗೆ ಕೈ ನೋಡಿ ಏನಿಲ್ಲ ಅನ್ನಬ್ಯಾಡ" ಎಂದಳು. "ಕಫಾ ನೋಡು, ರಕ್ತ ನೋಡು, ಹೊಟ್ಟೀದೂ ನೋಡು. ಆಮ್ಯಾಲ ಹೇಳು. ತಿಳೀಲಿಲ್ಲಂದ್ರ ಆ ಕನ್ನಡಕದವಗ ಫೋನ್ ಹಚ್ಚು."

ಸರತಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನಾನು "ಆತು" ಎಂದೆ. ಡಬ್ಬಿ ತೆಗೆದು ಹುಡುಗಿಯ ಕೈಗೆ ಕೊಟ್ಟೆ.

ಆಯಿಷಾ, ಸರ್ಕಾರಿ ಕಡತದಲ್ಲಿ ಫೂಲಮಣಿಯ ಕಾರ್ಡಿನ ನಾಲ್ಕು ಮನೆಗಳು ಹೊಡೆದುಹಾಕಿವೆ, ಪಕ್ಕದಲ್ಲಿ ನನ್ನ ಸಹಿ ಇದೆ. ಯಾಕೆಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ತಿಳಿಯದ್ದನ್ನು ಬರೆಯುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಜೋಯಾ ದೊಡ್ಡವಳಾಗುವವರೆಗೆ ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ, ತಗಡಿನ ಪೆಟ್ಟಿಗೆಯಲ್ಲಿ ಇಡಿ. ಓದಿ ನಗಬೇಕೆನಿಸಿದರೆ ನಗಿ. ರದ್ದಿಗೆ ಮಾತ್ರ ಹಾಕಬೇಡಿ.